ಬಟನ್ ನೋಡಿ ಮರುಳಾಗಬೇಡ

ಹಾಂ ರವಿ, ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆ ಈಗಷ್ಟೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಮಾತಾಡಿಯೇ ಹೇಳುತ್ತೇನೆ. ಅಲ್ಲಿ ಅಮೆರಿಕದಲ್ಲಿ ಹಳೇ ಕ್ಯಾಂಪಿಂಗ್ ಟ್ರೈಲರ್ ತೆಗೆದುಕೊಂಡಿದ್ದೀಯ, ಮುಂದಿನ ವಾರ ಮಕ್ಕಳನ್ನು ಕಟ್ಟಿಕೊಂಡು ಟೆಕ್ಸಾಸಿನಿಂದ ಅರಿಜೋನಾಕ್ಕೆ ಹೊರಟಿದ್ದೀಯ. ಟಯರಿನ ಬಟನ್, ಅಂದರೆ ನೆಲಕ್ಕೆ ತಾಗುವ ಉಬ್ಬು, ಹೊಸದರ ಹಾಗೆಯೇ ಉಂಟು, ಆದರೂ ಬದಲಿಸಬೇಕಾ ಅಂತ ಹೆದರಿಕೆ. ಹೆದರಿದ್ದು ಒಳ್ಳೆಯದೇ ಆಯಿತು. ಬಟನ್ ನೋಡಿ ಮರುಳಾಗಬೇಡ ಮಾರಾಯ.

ಪುಟ್ಟನ ಉಪನಯನದ ವರ್ಷ ಎಲ್ಲರಿಗೂ ನೆನಪುಂಟಲ್ವಾ? ಜೀಪಿನ ಹಿಂದೆ ಕಟ್ಟುವ ನಮ್ಮ ಟ್ರೈಲರ್, ಅಡಿಕೆ ಸಾಗಿಸಲು ಅಪ್ಪ ಮಾಡಿಸಿದ್ದು, ಆರು ವರ್ಷ ಅಂಗಳದ ಮೂಲೆಯಲ್ಲಿ ನಿಂತಲ್ಲೇ ನಿಂತಿತ್ತು. ದಿನವಿಡೀ ಬಿಸಿಲು. ಓಡದ ಮೇಲೆ ಬಟನ್ ಸವೆಯುವುದು ಎಲ್ಲಿಂದ? ಬದಿಯಲ್ಲಿ ಮಾತ್ರ ಕೂದಲೆಳೆಯಂಥ ಬಿರುಕು. ಭಾವ ಕಾಲಿನಲ್ಲಿ ಒದ್ದು ನೋಡಿ "ಕಲ್ಲಿನ ಹಾಗುಂಟು" ಅಂದರು. ಕಲ್ಲಿನ ಹಾಗೆ ಆದದ್ದೇ ಅದರ ರೋಗ ಅಂತ ಆಗ ಯಾರಿಗೆ ಗೊತ್ತು? ರಬ್ಬರು ಓಡುತ್ತಾ ಇದ್ದರೆ ಮೆತ್ತಗಿರುತ್ತದೆ. ನಿಂತರೆ ಒಣಗಿ ಸೀಳುತ್ತದೆ. ನಾನು ಗಾಳಿ ಕೂಡ ನೋಡಲಿಲ್ಲ, ನನ್ನದೂ ತಪ್ಪೇ.

ವಿಟ್ಲದಿಂದ ಪಾತ್ರೆ ತುಂಬಿಸಿಕೊಂಡು ಬರುತ್ತಿದ್ದೆವು. ಎರಡು ಹಂಡೆ, ದೊಡ್ಡತ್ತೆಯ ಆ ಕಂಚಿನ ಉರುಳಿ, ಮೇಲೆ ನೂರು ತೆಂಗಿನಕಾಯಿ. ಏಪ್ರಿಲ್ ತಿಂಗಳ ಮಧ್ಯಾಹ್ನ. ಅಡ್ಯನಡ್ಕ ಕಳೆದು ಪೆರ್ಲದ ಕಡೆಗೆ ಬರುವಾಗ ಒಂದು ತಿರುವಿನಲ್ಲಿ ದೇವಸ್ಥಾನದ ಕದಿನ ಸಿಡಿಮದ್ದು ಹೊಟ್ಟಿದ ಹಾಗೆ ಶಬ್ದ, ಟ್ರೈಲರಿನ ಟಯರ್ ಒಡೆಯಿತು! ಟ್ರೈಲರ್ ಬಾಲ ಬೀಸಿತು, ಜೀಪನ್ನೂ ಎಳೆಯಿತು. ಸ್ಟೀರಿಂಗು ನನ್ನ ಮಾತು ಕೇಳಲಿಲ್ಲ. ರಸ್ತೆ ಬದಿಯ ಮಣ್ಣಿನ ಧರೆಗೆ ಒರಗಿ ನಿಂತಿತಲ್ಲ, ಅದು ಹಿರಿಯರ ಪುಣ್ಯ. ಉರುಳಿಯ ಒಂದು ಕಿವಿ, ಹಿಡಿದು ಎತ್ತುವ ಹಿಡಿ, ಮುರಿದು ಹೋಯಿತು.

ಅಷ್ಟೇ, ಅಲ್ಲಿಂದ ನನ್ನ ಹೆಸರು "ಉರುಳಿಯ ಕಿವಿ ಮುರಿದವನು". ಜೀಪು ನನ್ನದು, ಡೀಸೆಲ್ ನನ್ನದು. ಪೆಟ್ಟಾಯಿತಾ ಅಂತ ಒಬ್ಬರಾದರೂ ಕೇಳಿದ್ದುಂಟಾ? ಟಯರ್ ಒದ್ದ ಭಾವ ಎರಡು ಸಲ ಪಾಯಸ ಹಾಕಿಸಿಕೊಂಡು ನಕ್ಕದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಗುಂಪಿನಲ್ಲೇ ಇದ್ದಾರೆ, ಕೇಳಲಿ. ಸಾಲದ್ದಕ್ಕೆ ಹೊಸ ಟಯರ್ ಅಂತ ಅಂಗಡಿಯವನು ಕೊಟ್ಟದ್ದು ನಾಲ್ಕು ವರ್ಷ ಗೋದಾಮಿನಲ್ಲಿ ಕೊಳೆತ ಮಾಲು. ಬಟನ್ ಫಳಫಳ! ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಬಟನ್ ನೋಡಿ ಮರುಳಾಗಬೇಡ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟುಹೋಯಿತು. ಟಯರಿನ ಬದಿಯಲ್ಲಿ ಡಿಒಟಿ ಅಂತ, ಅಲ್ಲಿನ ಸಾರಿಗೆ ಇಲಾಖೆಯ ಗುರುತು, ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ಓದು. 2318 ಅಂದರೆ 2018ರ 23ನೇ ವಾರದಲ್ಲಿ ಮಾಡಿದ್ದು. ಹೊರಗೆ ಕಾಣದಿದ್ದರೆ ಟ್ರೈಲರಿನ ಅಡಿಗೆ ನುಗ್ಗು, ಒಳಬದಿಯಲ್ಲಿ ಇರುತ್ತದೆ. ಐದಾರು ವರ್ಷ ದಾಟಿದ್ದರೆ ಸುಮ್ನೆ ಬದಲಿಸು. ಸ್ಟೆಪ್ನಿಯನ್ನೂ ನೋಡು. ಆರು ತಿಂಗಳು ಅಲ್ಲಿ ಮಗನ ಮನೆಯಲ್ಲಿದ್ದಾಗ ಅವನ ದೋಣಿ ಎಳೆಯುವ ಟ್ರೈಲರಿಗೆ ಟಯರ್ ಹಾಕಿಸಲು ನಾನೂ ಹೋಗಿದ್ದೆ. ಅಳತೆಯ ಮೊದಲು ಎಸ್‌ಟಿ ಅಂತ ಇರಬೇಕು, ಟ್ರೈಲರಿಗೆಂದೇ ಮಾಡಿದ್ದು. ಕಾರಿನದ್ದು ಅಗ್ಗಕ್ಕೆ ಸಿಕ್ಕಿತು ಅಂತ ಹಾಕಬೇಡ. ನಿನ್ನದು 14 ಇಂಚಿನದ್ದಲ್ವಾ? 205/75 ಅಳತೆಯದ್ದರಲ್ಲಿ, ಹೊರೆಯ ದರ್ಜೆಗೆ ಸಿ ಅಕ್ಷರ ಇರುವ ಒಂದು ಟಯರ್ 50 ಪಿಎಸ್‌ಐ ಒತ್ತಡದ ಗಾಳಿಗೆ 1760 ಪೌಂಡ್ ಹೊರುತ್ತದೆ, ಡಿ ಆದರೆ 65ಕ್ಕೆ 2040. ಸಾಮಾನು, ನೀರು ಎಲ್ಲ ತುಂಬಿಸಿ ತೂಕ ಮಾಡಿಸಿಯೇ ಆರಿಸು. ಗಾಳಿ ನೋಡುವುದು ಬೆಳಗ್ಗೆ, ಹೊರಡುವ ಮೊದಲು, ಟಯರ್ ತಣ್ಣಗಿರುವಾಗ. ಕಡಿಮೆ ಗಾಳಿಯಲ್ಲಿ ಓಡಿದರೆ ಬಗ್ಗಿ ಬಗ್ಗಿ ಒಳಗೇ ಕಾಯುತ್ತದೆ. ಗಂಟೆಗೆ 65 ಮೈಲಿಗಿಂತ ಜಾಸ್ತಿ ವೇಗದಲ್ಲಿ ಓಡಿಸಬೇಡ. ಹೊಸ ಟಯರ್ ಹಾಕಿ 50 ಮೈಲು ಹೋದ ಮೇಲೆ ನಟ್ಟು ಇನ್ನೊಮ್ಮೆ ಬಿಗಿ ಮಾಡಿಸು. ಮನೆಯಲ್ಲಿ ನಿಲ್ಲಿಸುವಾಗ ಚಕ್ರಕ್ಕೆ ಬಿಸಿಲು ತಾಗದ ಹಾಗೆ ಏನಾದರೂ ಮುಚ್ಚು.

ಆ ನಾಲ್ಕು ಅಂಕಿಯ ಫೋಟೋ ಇವತ್ತೇ ಹಾಕು, ನಾನೂ ನೋಡುತ್ತೇನೆ. ಭಾವನಿಗೆ ತೋರಿಸುವುದು ಬೇಡ.