ಕಣ್ಕುಟಿಕೆಗೆ ಕಾವು ಸಾಕೇ, ಆ್ಯಂಟಿಬಯೋಟಿಕ್ ಬೇಕೇ?

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಸದಸ್ಯೆ): ಡಾಕ್ಟರೇ, ನನ್ನ 9 ವರ್ಷದ ಮಗಳಿಗೆ ಮೂರು ದಿನಗಳಿಂದ ಎಡಗಣ್ಣಿನ ಮೇಲಿನ ರೆಪ್ಪೆಯ ಅಂಚಿನಲ್ಲಿ ಕಣ್ಕುಟಿಕೆ ಎದ್ದಿದೆ. ಮುಟ್ಟಿದರೆ ನೋವು ಎನ್ನುತ್ತಾಳೆ, ಬೆಳಿಗ್ಗೆ ಏಳುವಾಗ ರೆಪ್ಪೆ ಸ್ವಲ್ಪ ಅಂಟಿಕೊಂಡಿರುತ್ತದೆ. ಜ್ವರ ಇಲ್ಲ, ಪುಸ್ತಕ ಓದಲು ತೊಂದರೆಯಿಲ್ಲ. ಪೇಟೆಯ ಮೆಡಿಕಲ್ ಶಾಪಿನವರು ಒಂದು ಡ್ರಾಪ್ಸ್ ಜೊತೆಗೆ ಐದು ದಿನಗಳ ಆ್ಯಂಟಿಬಯೋಟಿಕ್ ಮಾತ್ರೆಯನ್ನೂ ಕೊಟ್ಟಿದ್ದಾರೆ. ಅತ್ತೆಯವರು ಮಾತ್ರೆ ಬೇಡ, ಬೆರಳನ್ನು ಅಂಗೈಗೆ ಉಜ್ಜಿ ಬಿಸಿ ಮಾಡಿ ಇಟ್ಟರೆ ಇಳಿಯುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ (ನೇತ್ರತಜ್ಞರು): ನೀವು ಬರೆದಿರುವ ಲಕ್ಷಣಗಳಷ್ಟೇ ಇದ್ದರೆ ಮಾತ್ರೆಯನ್ನು ಈಗ ಕೊಡಬೇಡಿ. ಅತ್ತೆಯವರ ಸಲಹೆಯ ದಿಕ್ಕು ಸರಿಯಾಗಿದೆ, ಪ್ರಮಾಣ ಮಾತ್ರ ಸಾಲದು. ಉಜ್ಜಿದ ಬೆರಳಿನ ಬಿಸಿ ಕ್ಷಣಮಾತ್ರ ಉಳಿಯುತ್ತದೆ, ನಮಗೆ ಬೇಕಾದದ್ದು ಹತ್ತು ನಿಮಿಷದ ಕಾವು. ಬೆರಳು ತೊಳೆಯದೆ ಇಟ್ಟರಂತೂ ಇರುವ ಸೋಂಕಿಗೆ ಇನ್ನಷ್ಟು ಸೇರಿಸಿದಂತಾಗುತ್ತದೆ.

ಕಾವು ಏಕೆ ಕೆಲಸ ಮಾಡುತ್ತದೆ ಮತ್ತು ಮಾತ್ರೆ ಏಕೆ ಅಷ್ಟಾಗಿ ಮಾಡುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ತಿಳಿದರೆ ಮುಂದಿನ ನಿರ್ಧಾರಗಳು ತಾವಾಗಿಯೇ ಸುಲಭವಾಗುತ್ತವೆ. ರೆಪ್ಪೆಗೂದಲಿನ ಬುಡದಲ್ಲಿ ಜೈಸ್ ಮತ್ತು ಮೋಲ್ ಎಂಬ ಪುಟ್ಟ ಗ್ರಂಥಿಗಳಿವೆ. ರೆಪ್ಪೆಯ ಒಳಭಾಗದಲ್ಲಿ ಮೈಬೋಮಿಯನ್ ಗ್ರಂಥಿಗಳೆಂಬ ಉದ್ದನೆಯ ಎಣ್ಣೆಗ್ರಂಥಿಗಳಿವೆ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಕಣ್ಣೀರು ಬೇಗ ಆರಿಹೋಗದಂತೆ ಕಾಯುವ ಎಣ್ಣೆ ಇವುಗಳಿಂದಲೇ ಬರುತ್ತದೆ. ಯಾವುದಾದರೂ ಒಂದರ ಬಾಯಿ ಕಟ್ಟಿಕೊಂಡಾಗ ಒಳಗಿನ ಎಣ್ಣೆ ಮಡುಗಟ್ಟುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೀವಾಗುತ್ತದೆ. ಬಹುತೇಕ ಪ್ರಕರಣಗಳಲ್ಲಿ ಅದು ಸ್ಟ್ಯಾಫಿಲೋಕಾಕಸ್ ಆರಿಯಸ್. ಆರೋಗ್ಯವಂತರ ಚರ್ಮ ಮತ್ತು ಮೂಗಿನಲ್ಲಿಯೂ ಸುಮ್ಮನೆ ವಾಸಿಸುವ ಜೀವಿ. ಕೂದಲ ಬುಡದಲ್ಲಾದರೆ ಹೊರಕುಟಿಕೆ, ಮೈಬೋಮಿಯನ್ ಗ್ರಂಥಿಯಲ್ಲಾದರೆ ಒಳಕುಟಿಕೆ. ಒಳಗಿನದಕ್ಕೆ ನೋವು ಹೆಚ್ಚು, ವಾಸಿಯಾಗುವುದೂ ನಿಧಾನ.

ಈ ಕೀವು ಬಾಯಿ ಮುಚ್ಚಿದ ಸಣ್ಣ ಚೀಲದೊಳಗಿರುತ್ತದೆ. ನುಂಗಿದ ಮಾತ್ರೆ ರಕ್ತದ ಮೂಲಕ ಸುತ್ತಲಿನ ಚರ್ಮಕ್ಕೆ ಚೆನ್ನಾಗಿ ತಲುಪಿದರೂ ಆ ಚೀಲದ ಒಳಗಿನ ಕೀವಿಗೆ ಅಷ್ಟು ಸಲೀಸಾಗಿ ತಲುಪುವುದಿಲ್ಲ. ಮೇಲೆ ಹಚ್ಚಿದ ಮುಲಾಮೂ ಒಳಗಿಳಿಯುವುದಿಲ್ಲ. ಕುರು ಎಲ್ಲಿಯೇ ಇರಲಿ, ಕೀವು ಹೊರಬರುವುದೇ ಅದಕ್ಕೆ ಚಿಕಿತ್ಸೆ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸುತ್ತೀರಲ್ಲ, ಕಾವು ಗ್ರಂಥಿಯ ಬಾಯಲ್ಲಿ ಕಟ್ಟಿಕೊಂಡ ಎಣ್ಣೆಗೆ ಮಾಡುವುದೂ ಅದನ್ನೇ. ದಾರಿ ತೆರೆದರೆ ಕೀವು ತಾನಾಗಿ ಹರಿಯುತ್ತದೆ. ಹೆಚ್ಚಿನವು ಒಂದು ವಾರದಿಂದ ಎರಡು ವಾರಗಳಲ್ಲಿ ಹೀಗೆಯೇ ವಾಸಿಯಾಗುತ್ತವೆ.

ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಒಳಕುಟಿಕೆಗೆ ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ತಿಳಿಯಲು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆಯ ಪರಾಮರ್ಶಕರು 2010ರಲ್ಲಿ, ಮತ್ತೆ 2017ರ ಪರಿಷ್ಕರಣೆಯಲ್ಲಿ, ಸರಿಯಾದ ತುಲನಾತ್ಮಕ ಪ್ರಯೋಗಗಳನ್ನು ಹುಡುಕಿದರು, ಒಂದೂ ಸಿಗಲಿಲ್ಲ. ಇದು ಕಾವಿಗೂ ಅನ್ವಯಿಸುತ್ತದೆ, ಆ್ಯಂಟಿಬಯೋಟಿಕ್‌ಗೂ ಅನ್ವಯಿಸುತ್ತದೆ. ಕಾವಿನ ಪರವಾಗಿ ನಾವು ನಿಲ್ಲುವುದು ಅನುಭವದ ಬಲದಿಂದ, ಮತ್ತು ಸರಿಯಾಗಿ ಕೊಟ್ಟರೆ ಅದರಿಂದ ಹಾನಿಯಿಲ್ಲ ಎಂಬ ಕಾರಣದಿಂದ. ಮಾತ್ರೆಯ ವಿಷಯದಲ್ಲಿ ಹಾಗೆ ಹೇಳಲಾಗದು: ಭೇದಿ, ಅಲರ್ಜಿ, ಮುಂದೆ ನಿಜವಾಗಿ ಬೇಕಾದಾಗ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ, ಇವೆಲ್ಲ ಅದರ ಬೆಲೆ.

ಡ್ರಾಪ್ಸ್ ಬಾಟಲಿಯ ಮೇಲೆ ಏನು ಬರೆದಿದೆ ಎಂದು ತಿಳಿಸಿ. ಅದನ್ನು ನೋಡದೆ ಹಾಕಿ ಎಂದು ಹೇಳಲಾರೆ.

ಅದೇ ಸದಸ್ಯೆ: ಬಾಟಲಿಯ ಮೇಲೆ ಮಾಕ್ಸಿಫ್ಲಾಕ್ಸಾಸಿನ್ ಮತ್ತು ಡೆಕ್ಸಮೆಥಾಸೋನ್ ಎಂದಿದೆ. ಕಾವನ್ನು ಹೇಗೆ ಕೊಡಬೇಕು? ಬಟ್ಟೆ ಇಟ್ಟ ಕೂಡಲೇ ಮಗಳು ಕಿತ್ತು ಎಸೆಯುತ್ತಾಳೆ.

ಉತ್ತರ: ಆ ಬಾಟಲಿಯನ್ನು ಬಳಸಬೇಡಿ. ಮಾಕ್ಸಿಫ್ಲಾಕ್ಸಾಸಿನ್ ಆ್ಯಂಟಿಬಯೋಟಿಕ್, ಡೆಕ್ಸಮೆಥಾಸೋನ್ ಉರಿಯೂತ ಇಳಿಸುವ ಸ್ಟೀರಾಯ್ಡ್. ಊತ ಬೇಗ ಇಳಿದಂತೆ ಕಾಣುವುದರಿಂದ ಈ ಜೋಡಿ ಔಷಧ ಅಂಗಡಿಗಳಲ್ಲಿ ಜನಪ್ರಿಯವಾಗಿದೆ, ಆದರೆ ಕಣ್ಣನ್ನು ಪರೀಕ್ಷಿಸದೆ ಸ್ಟೀರಾಯ್ಡ್ ಹಾಕುವುದು ಸರಿಯಲ್ಲ. ವಾರಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರಕ್ಕೆ ಹಾನಿ, ಆಗಬಹುದು, ಮಕ್ಕಳಲ್ಲಿ ಈ ಏರಿಕೆ ದೊಡ್ಡವರಿಗಿಂತ ಬೇಗ ಕಾಣಿಸಿಕೊಳ್ಳಬಹುದು. ಹರ್ಪಿಸ್ ವೈರಸ್ಸಿನ ಸೋಂಕು ಇದ್ದರೆ ಅದು ಹರಡುತ್ತದೆ.

ಕಾವಿಗೆ ಬಚ್ಚಲ ಹಂಡೆಯ ನೀರನ್ನು ನೇರವಾಗಿ ಬಳಸಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಹಂಡೆ ದಿನವಿಡೀ ಕುದಿಯುತ್ತಿರುತ್ತದೆ, ರೆಪ್ಪೆಯ ಚರ್ಮವೋ ದೇಹದಲ್ಲೇ ಅತ್ಯಂತ ತೆಳುವಾದದ್ದು. ಕುದಿಸಿದ ನೀರನ್ನು ಪಾತ್ರೆಯಲ್ಲಿ ಆರಲು ಬಿಟ್ಟು, ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹಾಕಿ ನೋಡಿ. ಹಿತವಾಗಿ ಬಿಸಿ ಎನಿಸಬೇಕು, ಚುರುಕ್ ಎನ್ನಬಾರದು. ಕೈ ತೊಳೆದು, ಒಗೆದ ಹತ್ತಿ ಪಂಚೆಯ ತುಂಡನ್ನು ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲಿಡಿ. ಬಟ್ಟೆ ಎರಡು ನಿಮಿಷಕ್ಕೆಲ್ಲ ತಣ್ಣಗಾಗುತ್ತದೆ, ಅಲ್ಲಿಗೇ ಎದ್ದುಹೋಗುವುದೇ ಸಾಮಾನ್ಯವಾಗಿ ಕಾವು ಫಲಿಸದಿರುವ ಕಾರಣ. ಮತ್ತೆ ಮತ್ತೆ ಅದ್ದಿ ಹತ್ತು ನಿಮಿಷ ತುಂಬಿಸಬೇಕು, ದಿನಕ್ಕೆ ಮೂರು ನಾಲ್ಕು ಬಾರಿ. ಮಗು ಕಥೆ ಕೇಳುವ ಹೊತ್ತಿನಲ್ಲಿ, ಅಥವಾ ನಿದ್ದೆ ಹತ್ತಿದ ಮೇಲೆ ಕೊಟ್ಟರೂ ಆದೀತು. ಕೊನೆಯಲ್ಲಿ ತೊಳೆದ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೂದಲಿನ ಕಡೆಗೆ ಮೃದುವಾಗಿ ನೀವಿ. ಹಿಂಡಬೇಡಿ, ಸೂಜಿ ತಾಗಿಸಬೇಡಿ. ಹಿಂಡಿದರೆ ಕೀವು ಹೊರಗೆ ಬರುವ ಬದಲು ರೆಪ್ಪೆಯೊಳಕ್ಕೆ ಹರಡಬಹುದು. ಆಕೆಯ ಟವೆಲ್ಲು, ದಿಂಬಿನ ಚೀಲ ಬೇರೆ ಇರಲಿ.

ರೆಪ್ಪೆ ಅಂಟಿಕೊಳ್ಳುವುದು ಹೆಚ್ಚಾದರೆ, ಅಥವಾ ಕೀವು ಹರಿಯತೊಡಗಿದರೆ, ವೈದ್ಯರು ಸ್ಟೀರಾಯ್ಡ್ ಇಲ್ಲದ ಆ್ಯಂಟಿಬಯೋಟಿಕ್ ಮುಲಾಮನ್ನು ಕೆಲವು ದಿನಗಳಿಗೆ ಬರೆಯಬಹುದು. ಅದರ ಉದ್ದೇಶ ಅಕ್ಕಪಕ್ಕದ ಕೂದಲ ಬುಡಗಳಿಗೆ ಸೋಂಕು ತಗಲದಂತೆ ನೋಡಿಕೊಳ್ಳುವುದು. ಎದ್ದಿರುವ ಕುಟಿಕೆಯನ್ನು ಕರಗಿಸುವುದಲ್ಲ.

ಪ್ರಶ್ನೆ (ಹೊಸನಗರದ ಸದಸ್ಯರು): ಹಾಗಾದರೆ ಮಾತ್ರೆ ಬೇಕಾಗುವುದು ಯಾವಾಗ? ನಮ್ಮಂಥವರಿಗೆ ಕಣ್ಣಿನ ಡಾಕ್ಟರು ಎಂದರೆ ಶಿವಮೊಗ್ಗವೇ. ಮಳೆಯಲ್ಲಿ ಬಸ್ಸು ಹಿಡಿದು ಹೋಗಲು ಅರ್ಧ ದಿನ ಬೇಕು.

ಉತ್ತರ: ದೂರವಿರುವವರು ಗಮನಿಸಬೇಕಾದದ್ದು ಮುಖ್ಯವಾಗಿ ಒಂದು: ಕೆಂಪು ಗಂಟಿನ ಸುತ್ತಲೇ ಇದೆಯೋ, ಗಂಟನ್ನು ದಾಟಿ ರೆಪ್ಪೆಗೆಲ್ಲ ಹರಡಿದೆಯೋ ಎಂಬುದು. ಇಡೀ ರೆಪ್ಪೆ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಕಣ್ಣು ತೆರೆಯಲಾಗದಂತಾದರೆ ಸೋಂಕು ಗ್ರಂಥಿಯಿಂದ ಚರ್ಮಕ್ಕೆ ಇಳಿದಿದೆ ಎಂದರ್ಥ. ಇದನ್ನು ಪ್ರಿಸೆಪ್ಟಲ್ ಸೆಲ್ಯುಲೈಟಿಸ್ ಎನ್ನುತ್ತೇವೆ. ಆ್ಯಂಟಿಬಯೋಟಿಕ್ ಮಾತ್ರೆ ಬೇಕಾಗುವುದು ಇಲ್ಲಿಯೇ, ಮತ್ತು ಇಲ್ಲಿ ಅದನ್ನು ತಡಮಾಡಬಾರದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಅದನ್ನು ಆರಂಭಿಸಬಲ್ಲರು. ಆದರೆ 24ರಿಂದ 48 ಗಂಟೆಗಳೊಳಗೆ ಮತ್ತೊಮ್ಮೆ ತೋರಿಸಲೇಬೇಕು, ಆರಂಭಿಸಿದ ಮೇಲೆ ವೈದ್ಯರು ಹೇಳಿದಷ್ಟು ದಿನ ಮುಗಿಸಬೇಕು.

ರೆಪ್ಪೆಯೊಳಗಿನ ತೆಳುವಾದ ಒಂದು ಪೊರೆ ಈ ಸೋಂಕನ್ನು ಕಣ್ಣುಗೂಡಿಗೆ ಹೋಗದಂತೆ ತಡೆದಿರುತ್ತದೆ. ಅದನ್ನು ದಾಟಿತೆಂದರೆ ಪ್ರಕರಣವೇ ಬೇರೆ. ಕಣ್ಣು ಅತ್ತಿತ್ತ ತಿರುಗಿಸಿದರೆ ನೋವು, ಗುಡ್ಡೆ ಮುಂದೆ ಬಂದಂತೆ ಕಾಣುವುದು, ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಮಂಕಾಗುವುದು, ಜ್ವರದೊಂದಿಗೆ ಮಗು ಮಂಕಾಗುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಬನ್ನಿ. ಆಗ ಬೇಕಾಗುವುದು ರಕ್ತನಾಳದ ಮೂಲಕ ಕೊಡುವ ಔಷಧ. ಕಣ್ಕುಟಿಕೆ ಈ ಹಂತಕ್ಕೆ ಹೋಗುವುದು ಅಪರೂಪ, ಆದರೆ ಗುರುತಿಸದಿದ್ದರೆ ದೃಷ್ಟಿಯನ್ನೇ ಕಳೆಯಬಲ್ಲದು.

ಮಧುಮೇಹ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಇಷ್ಟು ಕಾಯದೆ ಮೊದಲೇ ತೋರಿಸುವುದು ಒಳ್ಳೆಯದು. ಉಳಿದವರಿಗೆ ಎರಡು ದಿನ ಸರಿಯಾಗಿ ಕಾವು ಕೊಟ್ಟರೂ ಹೆಚ್ಚುತ್ತಲೇ ಹೋದರೆ, ಅಥವಾ ಎರಡು ವಾರ ಕಳೆದರೂ ಇಳಿಯದಿದ್ದರೆ, ಬಸ್ಸು ಹತ್ತಿ. ಕೆಲವೊಮ್ಮೆ ಮರಗಟ್ಟಿಸುವ ಔಷಧ ಕೊಟ್ಟು ಸಣ್ಣದಾಗಿ ಕೊಯ್ದು ಕೀವು ತೆಗೆಯಬೇಕಾಗುತ್ತದೆ. ದೊಡ್ಡವರಿಗೆ ಅದು ಹೊರರೋಗಿ ವಿಭಾಗದಲ್ಲೇ ಮುಗಿಯುವ ಕೆಲಸ.

ಪ್ರಶ್ನೆ (ಸಾಗರದ ಸದಸ್ಯೆ): ಕಳೆದ ಅಡಿಕೆ ಕೊಯ್ಲಿನಲ್ಲಿ ನಮ್ಮ ಯಜಮಾನರ ಕಣ್ಣಿಗೆ ಸಿಪ್ಪೆ ಹಾರಿದಾಗ ಕೊಟ್ಟಿದ್ದ ಡ್ರಾಪ್ಸ್ ಉಳಿದಿದೆ. ಕುಟಿಕೆಗೆ ಅದೇ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ತೆರೆದ ಬಾಟಲಿಯನ್ನು ಒಂದು ತಿಂಗಳ ನಂತರ ಎಸೆಯಬೇಕು. ಅದರ ತುದಿಯಲ್ಲೇ ಬ್ಯಾಕ್ಟೀರಿಯಾ ಕೂತಿರುತ್ತವೆ. ಇದಕ್ಕಿಂತ ದೊಡ್ಡ ಆತಂಕವನ್ನು ಈ ನೆಪದಲ್ಲಿ ಹೇಳಿಬಿಡುತ್ತೇನೆ. ಅಡಿಕೆ ಸಿಪ್ಪೆ, ಭತ್ತದ ಹೊಟ್ಟು, ಹುಲ್ಲಿನ ಗರಿ ತಾಗಿ ಕರಿಗುಡ್ಡೆಯ ಮೇಲೆ ಗೀರಾದರೆ ಶಿಲೀಂಧ್ರದ ಹುಣ್ಣು ಆಗಬಹುದು. ಅಂಥ ಕಣ್ಣಿಗೆ ಮನೆಯಲ್ಲಿದ್ದ ಸ್ಟೀರಾಯ್ಡ್ ಡ್ರಾಪ್ಸ್ ಬಿದ್ದರೆ ಹುಣ್ಣು ಆಳಕ್ಕಿಳಿದು ಕಣ್ಣು ಹೋಗುತ್ತದೆ. ನಮ್ಮ ಸೀಮೆಯಲ್ಲಿ ಇದು ಕಣ್ಕುಟಿಕೆಗಿಂತ ನೂರು ಪಾಲು ಗಂಭೀರವಾದ ವಿಷಯ. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಡೆಕ್ಸಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲೋರೋಮೆಥೊಲೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ.

ಮತ್ತೊಬ್ಬ ಸದಸ್ಯರು: ನಮ್ಮಲ್ಲಿ ಕುಟಿಕೆಯ ತುದಿಗೆ ಕಡ್ಡಿಯಿಂದ ಒಂದು ಚುಕ್ಕೆ ಎಲೆಸುಣ್ಣ ಇಡುತ್ತಾರೆ. ಮರುದಿನವೇ ಒಡೆಯುತ್ತದೆ.

ಉತ್ತರ: ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ಸುಣ್ಣ ತೀವ್ರವಾದ ಕ್ಷಾರ. ರೆಪ್ಪೆಯಿಂದ ಒಂದು ಕಣ ಒಳಗೆ ಜಾರಿದರೂ ಕರಿಗುಡ್ಡೆ ಸುಟ್ಟು ಶಾಶ್ವತವಾಗಿ ಬೆಳ್ಳಗಾಗಬಹುದು. ಆಮ್ಲಕ್ಕಿಂತ ಕ್ಷಾರ ಕಣ್ಣಿನೊಳಕ್ಕೆ ಹೆಚ್ಚು ಆಳವಾಗಿ ಇಳಿಯುತ್ತದೆ. ಅಕಸ್ಮಾತ್ ಬಿದ್ದರೆ, ಮೊದಲು ಕನಿಷ್ಠ ಅರ್ಧ ಗಂಟೆ ಧಾರಾಳವಾಗಿ ಶುದ್ಧ ನೀರು ಹರಿಸಿ ತೊಳೆಯಿರಿ, ಆಮೇಲೆ ಆಸ್ಪತ್ರೆ. ನಂದಿಬಟ್ಟಲಿನ ರಸ, ತೇಯ್ದ ಲವಂಗ, ಎದೆಹಾಲು ಇವುಗಳಿಗೆ ಸುಣ್ಣದಷ್ಟು ಕ್ರೌರ್ಯವಿಲ್ಲದಿದ್ದರೂ, ಸೋಂಕಿರುವ ಕಣ್ಣಿಗೆ ಅವುಗಳನ್ನೂ ಹಾಕಬೇಡಿ.

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ನನ್ನ ತಂದೆಗೆ 64 ವರ್ಷ. ಒಂದೇ ವರ್ಷದಲ್ಲಿ ಅದೇ ರೆಪ್ಪೆಯ ಅದೇ ಜಾಗದಲ್ಲಿ ಇದು ಮೂರನೇ ಬಾರಿ. ನೋವಿಲ್ಲ, ಗಂಟು ಗಟ್ಟಿಯಾಗಿದೆ. ಪ್ರತಿ ಸಲವೂ ಆ್ಯಂಟಿಬಯೋಟಿಕ್ ಕೊಟ್ಟಿದ್ದಾರೆ.

ಉತ್ತರ: ಈ ವಾರವೇ ನೇತ್ರತಜ್ಞರಿಗೆ ತೋರಿಸಿ, ನಾಲ್ಕನೇ ಕೋರ್ಸ್ ಮಾತ್ರೆ ಬೇಡ. ನೋವಿಲ್ಲದ ಗಟ್ಟಿ ಗಂಟು ಸಾಮಾನ್ಯವಾಗಿ ಕಲೇಜಿಯನ್. ಕಟ್ಟಿಕೊಂಡ ಎಣ್ಣೆಗೆ ದೇಹ ತೋರಿಸುವ ಉರಿಯೂತ. ಅದರಲ್ಲಿ ಸೋಂಕೇ ಇಲ್ಲದ ಕಾರಣ ಆ್ಯಂಟಿಬಯೋಟಿಕ್‌ಗೆ ಅಲ್ಲಿ ಕೊಲ್ಲಲು ಏನೂ ಇಲ್ಲ. ಆದರೆ ವಯಸ್ಸಾದವರಲ್ಲಿ ಅದೇ ಜಾಗದಲ್ಲಿ ಮರುಕಳಿಸುವ ಗಂಟನ್ನು ಕಲೇಜಿಯನ್ ಎಂದುಕೊಂಡು ಬಿಡುವಂತಿಲ್ಲ. ಎಣ್ಣೆಗ್ರಂಥಿಯ ಕ್ಯಾನ್ಸರ್, ಸೆಬೇಶಿಯಸ್ ಕಾರ್ಸಿನೋಮಾ, ಹೀಗೆಯೇ ವೇಷ ಹಾಕಿಕೊಂಡು ಬರುತ್ತದೆ, ಭಾರತೀಯರಲ್ಲಿ ಇದು ಪಾಶ್ಚಾತ್ಯರಿಗಿಂತ ಹೆಚ್ಚು. ಆ ಜಾಗದ ರೆಪ್ಪೆಗೂದಲು ಉದುರಿದೆಯೇ ಎಂದು ಬೆಳಕಿನಲ್ಲಿ ನೋಡಿ. ಉದುರಿದ್ದರೆ ಅನುಮಾನ ಹೆಚ್ಚುತ್ತದೆ, ಉದುರದಿದ್ದರೂ ಬಯಾಪ್ಸಿಯ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ವಿಚಾರ ಕೇಳಿ. ಬಹುಪಾಲು ಏನೂ ಇರಲಾರದು, ಆದರೆ ಬೇಗ ಸಿಕ್ಕಿದರೆ ಪೂರ್ತಿ ತೆಗೆದುಹಾಕಬಹುದಾದ ಕಾಯಿಲೆ ಇದು. ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿ.

ಬೇರೆ ಬೇರೆ ಜಾಗಗಳಲ್ಲಿ ಪದೇಪದೇ ಬರುವವರ ಕಥೆ ಬೇರೆ. ಅವರಿಗೆ ಹೆಚ್ಚಾಗಿ ರೆಪ್ಪೆಯ ಅಂಚಿನಲ್ಲಿ ಹೊಟ್ಟಿನಂತೆ ಕೂರುವ ಬ್ಲೆಫರೈಟಿಸ್ ಇರುತ್ತದೆ. ನಿತ್ಯ ಕಾವು ಮತ್ತು ರೆಪ್ಪೆಯ ಅಂಚಿನ ಸ್ವಚ್ಛತೆ ಅದಕ್ಕೆ ಮದ್ದು. ಬಗ್ಗದಿದ್ದರೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಕೆಲವು ವಾರ ಕೊಡುವುದುಂಟು, ಆದರೆ 8 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಅದು ಸಲ್ಲದು.

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯೆ, ಕೆಲವು ದಿನಗಳ ನಂತರ): ನಿನ್ನೆ ಸಂಜೆ ಕಾವು ಕೊಡುವಾಗ ತಾನಾಗಿ ಒಡೆದು ಹಳದಿ ಕೀವು ಬಂತು. ನೋವು ಹೋಗಿದೆ. ಒಳಗೆ ಸಣ್ಣ ಕಾಳಿನಷ್ಟು ಗಂಟು ಕೈಗೆ ಸಿಗುತ್ತಿದೆ. ಶಾಲೆಗೆ ಕಳುಹಿಸಬಹುದೇ?

ಉತ್ತರ: ಕಳುಹಿಸಿ, ಇದು ಕೆಂಗಣ್ಣಿನಂತೆ ತರಗತಿಗೆಲ್ಲ ಹರಡುವುದಲ್ಲ, ಕಣ್ಣುಜ್ಜಿದ ಕೈಯನ್ನು ತೊಳೆದುಕೊಂಡರೆ ಸಾಕು. ಕೀವನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಕಾವನ್ನು ಇನ್ನೂ ಒಂದು ವಾರ ದಿನಕ್ಕೆರಡು ಬಾರಿ ಮುಂದುವರಿಸಿ. ಉಳಿದ ಗಂಟು ಕರಗಲು ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕಾಗಬಹುದು. ನೋವಿಲ್ಲದಿದ್ದರೆ ಆತುರವಿಲ್ಲ. ಒಂದು ವೇಳೆ ಅದು ದೊಡ್ಡದಾಗಿ ರೆಪ್ಪೆ ಜೋತುಬಿದ್ದರೆ, ಅಥವಾ ಬೋರ್ಡು ಮಂಜಾಗಿ ಕಾಣುತ್ತದೆ ಎಂದು ಆಕೆ ಹೇಳಿದರೆ ಕರೆತನ್ನಿ. ಮೇಲಿನ ರೆಪ್ಪೆಯ ದೊಡ್ಡ ಗಂಟು ಕರಿಗುಡ್ಡೆಯನ್ನು ಒತ್ತಿ ದೃಷ್ಟಿಯನ್ನು ವಕ್ರವಾಗಿಸಬಲ್ಲದು. ಆ ಐದು ದಿನದ ಮಾತ್ರೆಯ ಪಟ್ಟಿಯನ್ನು ಮುಂದಿನ ನೆಗಡಿಗೆಂದು ಡಬ್ಬಿಯಲ್ಲಿ ಇಟ್ಟುಕೊಳ್ಳದೆ ಅಂಗಡಿಗೆ ವಾಪಸು ಕೊಡಲು ನೋಡಿ. ಆ್ಯಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬುದು ಅವರಿಗೂ ಗೊತ್ತಿರುವ ನಿಯಮವೇ.