ಪಂಪಿನ ಸೆನ್ಸರ್ ಹಸಿರು ಟಿಕ್ ಕೊಟ್ಟರೆ ಔಷಧಿ ಎದೆಗೆ ಇಳಿದಂತೆಯೇ?

ತೋಟದಮನೆ_ಮೂಡಿಗೆರೆ:
ಅತ್ತೆಗೆ 68. ಉಬ್ಬಸಕ್ಕೆ ಸ್ಟೀರಾಯ್ಡ್ ಇರುವ ಸ್ಪ್ರೇ ಪಂಪು, ಬೆಳಿಗ್ಗೆ 2 ಪಫ್, ರಾತ್ರಿ 2. ಅದರ ಮೇಲೆ ಕೂರಿಸುವ ಬ್ಲೂಟೂತ್ ಸೆನ್ಸರ್ ಇದೆ, ಆ್ಯಪ್‌ನಲ್ಲಿ ಒಂದೂ ಡೋಸ್ ತಪ್ಪಿಲ್ಲ. ಆದರೂ ಮಳೆ ಹಿಡಿದರೆ ರಾತ್ರಿ ಎದೆ ಗೊರಗೊರ. ಎಳೆಯುವುದು ತಪ್ಪಿದ್ದರೆ ಸೆನ್ಸರ್ ಹೇಳಬೇಕಲ್ಲವಾ? ತೋಟದಲ್ಲಿ ಟವರ್ ಸಿಗಲ್ಲ, ಅದೂ ಕಾರಣವಾ?

ಔಷಧಿಅಂಗಡಿ_ಹಾಸನ:
ನಿಮ್ಮದು ಒತ್ತಿದ್ದನ್ನು ಎಣಿಸುವ ಸೆನ್ಸರ್ ಇರಬೇಕು. ಡಬ್ಬಿ ಒತ್ತಿದ ತಾರೀಖು, ಹೊತ್ತು ಬರೆದಿಡುತ್ತೆ, ಅಷ್ಟೇ. ಗಾಳಿಗೆ ಹೊಡೆದರೂ ಟಿಕ್ ಬೀಳುತ್ತೆ. ಉಸಿರೆಳೆತ ಗೊತ್ತಾಗಬೇಕಾದರೆ ಗಾಳಿಯ ವೇಗ ಅಳೆಯುವ ಇಲ್ಲವೇ ಸದ್ದು ಹಿಡಿಯುವ ಸಾಧನ ಬೇಕು. ಅಮೆರಿಕದಲ್ಲಿ 2018ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಪ್ರೋಏರ್ ಡಿಜಿಹೇಲರ್ ಎಳೆತದ ಗರಿಷ್ಠ ವೇಗವನ್ನೇ ಅಳೆಯುತ್ತಿತ್ತು, ಆದರೆ ಅದು ನಿಮ್ಮದರಂತೆ ಸ್ಪ್ರೇ ಅಲ್ಲ, ಔಷಧಿಯ ಪುಡಿ ಎಳೆಯುವ ಪುಡಿಯ ಪಂಪು. ಡಬ್ಲಿನ್‌ನ ಸಂಶೋಧಕರು ರೂಪಿಸಿದ ಇಂಕಾ ಸಾಧನ ಸದ್ದು ರೆಕಾರ್ಡ್ ಮಾಡಿ, ಪಂಪಿನೊಳಗೆ ಊದಿದ್ದನ್ನೂ ಪತ್ತೆ ಹಚ್ಚುತ್ತೆ.

ಹಾಗಂತ ನಿಮ್ಮ ಆ್ಯಪ್‌ನ ಪಟ್ಟಿ ಕಸವಲ್ಲ. ಎರಡು ಪಫ್ ನಡುವೆ 30–60 ಸೆಕೆಂಡ್ ಇರಬೇಕು. 2–3 ಸೆಕೆಂಡ್ ತೋರಿಸಿದರೆ ಉಸಿರು ಕಟ್ಟಿ ಹಿಡಿದೇ ಇಲ್ಲ.

ಬ್ಲೂಟೂತ್‌ಗೆ ಟವರ್ ಬೇಡ. ಲೆಕ್ಕ ಸೆನ್ಸರ್‌ನಲ್ಲೇ ಉಳಿದು, ಫೋನ್ ಹತ್ತಿರ ಬಂದಾಗ ದಾಟುತ್ತೆ. ಅನುಮಾನ ಇದ್ದರೆ ಪಂಪಿನ ಬೆನ್ನ ಮೇಲಿರುವ ಎಣಿಕೆ ನೋಡಿ: ದಿನಕ್ಕೆ 4ರಂತೆ 7 ದಿನಕ್ಕೆ 120 ಇದ್ದದ್ದು 92ಕ್ಕೆ ಇಳಿದಿರಬೇಕು, ಆ್ಯಪ್‌ನಲ್ಲೂ 28 ಇರಬೇಕು.

ಉಸಿರಾಟ_ಚಿಕ್ಕಮಗಳೂರು:
ಮೇಲಿನದು ಸರಿ. ಕ್ರಮವನ್ನು ಎದುರಿಗೆ ಕೂತು ಕಣ್ಣಲ್ಲೇ ನೋಡಬೇಕು. ಕುಲುಕಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿ ಹಿಡಿದು, ಮೆಲ್ಲಗೆ ಎಳೆಯಲು ಶುರುಮಾಡಿದ ಕೂಡಲೇ ಒತ್ತಬೇಕು. 4–5 ಸೆಕೆಂಡ್ ಎಳೆದು, 10 ಸೆಕೆಂಡ್ ಹಿಡಿಯಬೇಕು. ಬಾಯಿಂದಲೋ ಮೂಗಿಂದಲೋ ಹೊಗೆಯಂತೆ ಬಂದರೆ ಔಷಧಿ ಒಳಗೆ ಹೋಗಿಲ್ಲ. ಸರ್ರನೆ ಎಳೆದರೆ ಗಂಟಲಿಗೇ ಬಡಿಯುತ್ತೆ. ಪುಡಿಯ ಪಂಪಿಗೆ ಇದರ ಉಲ್ಟಾ, ಮೊದಲಿಂದಲೇ ಜೋರಾಗಿ ಎಳೀಬೇಕು. ಎರಡನ್ನೂ ಬಳಸುವವರು ಕಲಸಿಕೊಳ್ಳೋದು ಇಲ್ಲೇ.

68ರ ವಯಸ್ಸಿಗೆ ಕೈ, ಉಸಿರು ಹೊಂದಿಸೋದು ಕಷ್ಟ. ಡಾಕ್ಟರ್ ಹತ್ತಿರ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಕೂರಿಸುವ ಟೊಳ್ಳು ಕೊಳವೆ) ಕೇಳಿ.

ತೋಟದಮನೆ_ಮೂಡಿಗೆರೆ:
ನೋಡಿದೆ, ಅಂತರ 2 ಸೆಕೆಂಡ್! ಸ್ಪೇಸರ್‌ಗೆ ಎರಡೂ ಪಫ್ ಒಟ್ಟಿಗೆ ಹೊಡೆಯಬಹುದಾ?

ಉಸಿರಾಟ_ಚಿಕ್ಕಮಗಳೂರು:
ಬೇಡ. ಒಟ್ಟಿಗೆ ಹೊಡೆದರೆ ಔಷಧಿ ಗೋಡೆಗೇ ಅಂಟುತ್ತೆ. ಒಂದು ಒತ್ತಿ, 4–5 ಉಸಿರು, ಆಮೇಲೆ ಇನ್ನೊಂದು. ವಾರಕ್ಕೊಮ್ಮೆ ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಿದರೆ ಸ್ಥಿರವಿದ್ಯುತ್ ಹುಟ್ಟಿ ಔಷಧಿಯನ್ನು ಎಳ್ಕೊಳ್ಳುತ್ತೆ. ಸ್ಟೀರಾಯ್ಡ್ ಆದ್ದರಿಂದ ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಲಿ. ಉಬ್ಬಸ ಬಂದಾಗ ತಕ್ಷಣಕ್ಕೆ ಬಳಸುವ ಆರಾಮದ ಪಂಪು ಹೊಡೆದರೂ ಮಾತು ತುಂಡಾಗುವಷ್ಟು ಉಬ್ಬಸ ಇದ್ದರೆ ಆ್ಯಪ್ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.