ಕುತ್ತಿಗೆಗೆ ಹಾಕೋ ‘ರಿಂಗ್’ಗೆ ಉಂಗುರ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಕಂಚಿನ ಯುಗದ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಾ ಇದೀನಿ, ಒಂದು ಪದದ ಹತ್ರ ಬಂದು ನಿಂತ್ಬಿಟ್ಟಿದೆ. ಮಧ್ಯ ಯುರೋಪಲ್ಲಿ, ಅಂದ್ರೆ ಈಗಿನ ಆಸ್ಟ್ರಿಯಾ, ಬವೇರಿಯಾ, ಚೆಕ್ ಕಡೆ ಕ್ರಿ.ಪೂ. 2000ದ ಆಸುಪಾಸಿನ ಲೋಹದ ರಿಂಗ್‌ಗಳು ನೂರುಗಟ್ಟಲೆ ಒಟ್ಟಿಗೆ ಹೂತಿಟ್ಟಿರೋದು ಸಿಕ್ಕಿದೆ, ಜರ್ಮನ್ನರು ಇದಕ್ಕೆ ಓಸೆನ್‌ರಿಂಗ್ ಅಂತಾರೆ. ದಪ್ಪ ಸರಳನ್ನ ಕುತ್ತಿಗೆ ಸುತ್ತ ಕೂರೋ ಹಾಗೆ ಬಗ್ಗಿಸಿ, ಎರಡೂ ತುದಿ ಬಡಿದು ತೆಳ್ಳಗೆ ಮಾಡಿ ಹೊರಕ್ಕೆ ಸುರುಳಿ ಸುತ್ತಿರ್ತಾರೆ, ಮಧ್ಯ ಬಾಯಿ ಬಿಟ್ಟಿರತ್ತೆ. ನಾನು ಮೊದಲು ‘ಕಂಚಿನ ಉಂಗುರ’ ಅಂತ ಬರೆದೆ. ನಮ್ಮಕ್ಕ ಓದಿ, ಇಷ್ಟು ದೊಡ್ಡದನ್ನ ಯಾವ ಬೆರಳಿಗೆ ಹಾಕ್ತಿದ್ರು ಅಂದ್ಲು. ಸರಿನೇ, ಉಂಗುರ ಅಂದ್ರೆ ನಮಗೆ ಬೆರಳು, ಬಳೆ ಅಂದ್ರೆ ಮುಂಗೈ, ಕಡಗ ಅಂದ್ರೆ ಕೈ ಇಲ್ಲಾ ಕಾಲು. ಕುತ್ತಿಗೆದಕ್ಕೆ ಸರ, ಅಡ್ಡಿಕೆ ಇವೆ ಆದ್ರೆ ಅವು ಬಳುಕೋವು. ಲಂಬಾಣಿ ಹೆಂಗಸರು ಕುತ್ತಿಗೆಗೆ ಹಾಕೋ ಹಾಸ್ಲಿ ಆಕಾರದಲ್ಲಿ ಹತ್ರ ಬರತ್ತೆ.

ಆದ್ರೆ ನನ್ನ ನಿಜವಾದ ತೊಡಕು ಆಕಾರದ್ದಲ್ಲ. ಸಮಾಧಿಗಳಲ್ಲಿ ಹೆಣದ ಕುತ್ತಿಗೆಲೇ ಇಂಥವು ಸಿಕ್ಕಿವೆ, ಅಲ್ಲಿ ಒಡವೆ ಅನ್ನೋದಕ್ಕೆ ಅಡ್ಡಿಯಿಲ್ಲ. ರಾಶಿಯಲ್ಲಿ ಸಿಗೋವು ಮಾತ್ರ ಎಷ್ಟೋ ಸಲ ಒರಟೊರಟು, ಅಚ್ಚಿಂದ ತೆಗೆದ ಮೇಲೆ ಉಜ್ಜಿ ನಯ ಮಾಡೋಕೂ ಹೋಗಿಲ್ಲ, ಹಾಗಾಗಿ ಇದು ಲೋಹ ಸಾಗಿಸೋ ಒಂದು ರೂಪ ಅಂತ ತುಂಬಾ ಜನ ಪುರಾತತ್ವದವರು ಹೇಳ್ತಾರೆ. 2021ರಲ್ಲಿ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಪುರಾತತ್ವದವರಾದ ಕೈಪರ್ಸ್ ಮತ್ತು ಪೋಪಾ ರಿಂಗು, ಪಟ್ಟಿ, ಕೊಡಲಿ ಎಲ್ಲಾ ಸೇರಿ 5000ಕ್ಕೂ ಹೆಚ್ಚು ವಸ್ತುಗಳ ತೂಕ ನೋಡಿದ್ರು. ರಿಂಗ್‌ಗಳಲ್ಲಿ ಸುಮಾರು 70% 195 ಗ್ರಾಂ ಆಸುಪಾಸು, ಅಂದ್ರೆ ತಕ್ಕಡಿ ಇಲ್ದೆ ಒಂದೊಂದು ಕೈಲಿ ಒಂದೊಂದು ಹಿಡಿದು ನೋಡಿದ್ರೆ ವ್ಯತ್ಯಾಸ ಗೊತ್ತಾಗಲ್ಲ. ಇದು ದುಡ್ಡಿನ ಹಾಗೆ ಓಡಾಡಿರಬೇಕು ಅನ್ನೋದು ಅವರ ವಾದ, ನನಗಂತೂ ತುಂಬಾ ಹಿಡಿಸ್ತು. ನಮ್ಮಲ್ಲೂ ಹೊನ್ನು ಅಂದ್ರೆ ಚಿನ್ನನೂ ಹೌದು ನಾಣ್ಯನೂ ಹೌದು, ಗದ್ಯಾಣ ತೂಕನೂ ಹೌದು ನಾಣ್ಯನೂ ಹೌದು, ಕಾಸನ್ನ ಪೋಣಿಸಿ ಕಾಸಿನಸರ ಮಾಡಿ ಹಾಕ್ಕೋತೀವಿ.

ಹಾಗಿರುವಾಗ ‘ಆಭರಣ’ ಅಂತ ಬರೆದ್ರೆ ವಾದ ಮುಗಿಯೋ ಮುಂಚೆನೇ ಅನುವಾದದಲ್ಲಿ ತೀರ್ಪು ಕೊಟ್ಟ ಹಾಗಾಗತ್ತೆ. ‘ಕಂಚಿನ’ ಅನ್ನೋದೂ ಪೂರ್ತಿ ಸರಿಯಲ್ಲ, ಎಷ್ಟೋ ರಿಂಗ್‌ಗಳಲ್ಲಿ ತವರ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಅದು ತಾಮ್ರನೇ. ಚಿನ್ನದ ಗಟ್ಟಿ ಅಂತೀವಲ್ಲ, ಆ ‘ಗಟ್ಟಿ’ ಇಂಗಾಟ್‌ಗೆ, ಅಂದ್ರೆ ಸಾಗಿಸೋಕೆ ಅಂತ ಎರಕ ಹೊಯ್ದ ಲೋಹದ ತುಂಡಿಗೆ, ಒಳ್ಳೇ ಪದ, ಆದ್ರೆ ಬಳೆ ಆಕಾರದ್ದನ್ನ ಗಟ್ಟಿ ಅಂದ್ರೆ ಓದೋರಿಗೆ ಇಟ್ಟಿಗೆ ಥರದ್ದು ಕಣ್ಮುಂದೆ ಬರತ್ತೆ. ಸದ್ಯಕ್ಕೆ ಸಮಾಧೀದಕ್ಕೆ ‘ಕೊರಳ ಕಡಗ’, ರಾಶೀದಕ್ಕೆ ‘ಕಡಗದ ಗಟ್ಟಿ’ ಅಂತ ಇಟ್ಕೊಂಡಿದೀನಿ. ಎರಡಕ್ಕೂ ಹೊಂದೋ ಒಂದೇ ಪದ ನಿಮ್ಮೂರ ಕಡೆ ಅಕ್ಕಸಾಲಿಗರು, ಕಂಚುಗಾರರು ಬಳಸೋದು ಕೇಳಿದೀರಾ?